ಪ್ರತಿಕ್ರಿಯೆ: ಸಿಂಗಪುರಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ?

"ಅಣೆಕಟ್ಟು ಕಟ್ಟೋಕೆ ದೊಡ್ಡ ನದಿ ಇಲ್ಲ, ಕಲ್ಲಿದ್ದಲು ಗಣಿ ಇಲ್ಲ, ಸಿಂಗಪುರಕ್ಕೆ ಕರೆಂಟ್ ಎಲ್ಲಿಂದ?" ಅಂತ ಕೇಳಿದ್ದೀರಿ. ಒಂದೇ ಮಾತಲ್ಲಿ ಹೇಳೋದಾದರೆ, ಗ್ಯಾಸ್‌ನಿಂದ. ಸುಮಾರು 95% ವಿದ್ಯುತ್ ನೈಸರ್ಗಿಕ ಅನಿಲದಿಂದಲೇ ಬರುತ್ತದೆ. ಅದೂ ಅವರದಲ್ಲ. ಮಲೇಷ್ಯಾ, ಇಂಡೋನೇಷ್ಯಾದಿಂದ ಪೈಪಿನಲ್ಲಿ ಬರುತ್ತದೆ. ಜೊತೆಗೆ 2013ರಿಂದ ಜುರಾಂಗ್ ದ್ವೀಪದ ಟರ್ಮಿನಲ್‌ಗೆ ದ್ರವ ಮಾಡಿದ ಅನಿಲ ಹಡಗಿನಲ್ಲೂ ಬಂದಿಳಿಯುತ್ತದೆ.

ಸೆನೊಕೊ, ಟುವಾಸ್, ಜುರಾಂಗ್ ದ್ವೀಪ, ದೊಡ್ಡ ಸ್ಥಾವರಗಳು ಇರೋದು ಇಲ್ಲೇ. ಗ್ಯಾಸ್ ಉರಿದು ಒಂದು ಟರ್ಬೈನ್ ತಿರುಗುತ್ತದೆ. ಹೊರಬರುವ ಬಿಸಿ ಹೊಗೆಯನ್ನು ಸುಮ್ನೆ ಬಿಡೋದಿಲ್ಲ, ಅದರಿಂದ ನೀರು ಕಾಯಿಸಿ ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಇಂಧನ ಕೊಂಡು ತರುವವರಿಗೆ ಈ ಜಿಪುಣತನ ಬೇಕೇ ಬೇಕಲ್ವಾ!

ಊರಿನ ಕಸವನ್ನೂ ಸುಟ್ಟು ಕರೆಂಟ್ ಮಾಡುತ್ತಾರೆ. ಉಳಿದ ಬೂದಿ ದೋಣಿಯಲ್ಲಿ ಸೆಮಕಾವು ದ್ವೀಪಕ್ಕೆ ಹೋಗುತ್ತದೆ. ಇದರ ಪಾಲು ಸಣ್ಣದು.

ನನಗೆ ಜಾಸ್ತಿ ಇಷ್ಟವಾಗೋದು ತೆಂಗೆ ಜಲಾಶಯ. ಜಾಗ ಇಲ್ಲ ಅಂತ ನೀರಿನ ಮೇಲೇ 1,22,000 ಸೋಲಾರ್ ಫಲಕ ತೇಲಿಬಿಟ್ಟಿದ್ದಾರೆ, ಸುಮಾರು 45 ಹೆಕ್ಟೇರ್! 2021ರಲ್ಲಿ ಶುರುವಾಯಿತು, ಸಾಮರ್ಥ್ಯ 60 ಮೆಗಾವಾಟ್. ಆದರೆ ಮೋಡ ಬಂದರೆ ಉತ್ಪಾದನೆ ಕುಸಿಯುತ್ತದೆ, ಅಲ್ಲಿ ಮೋಡಕ್ಕೇನು ಬರವಿಲ್ಲ.

ಅಂದಹಾಗೆ, ನದಿಯ ಕರೆಂಟೂ ಸ್ವಲ್ಪ ಸಿಕ್ಕಿದೆ. 2022ರಲ್ಲಿ ಲಾವೋಸ್‌ನ ಜಲವಿದ್ಯುತ್ ಥಾಯ್ಲೆಂಡ್, ಮಲೇಷ್ಯಾ ದಾಟಿ ಬರಲು ಶುರುವಾಯಿತು, ಗರಿಷ್ಠ 100 ಮೆಗಾವಾಟ್‌ವರೆಗೆ.