ಬೇರೆ ಬೇರೆ ಮೆಷಿನ್‌ನಲ್ಲಿರುವ ಎರಡು ಸ್ಕ್ರಿಪ್ಟ್‌ಗಳನ್ನು ವೆಬ್ ಕ್ಯೂ ಮೂಲಕ ಜೋಡಿಸೋದು ಹೇಗೆ?

ಒಂದೇ ಮೆಷಿನ್ ಆಗಿದ್ದರೆ ಪೈಪ್ (ಒಂದು ಸ್ಕ್ರಿಪ್ಟ್‌ನ ಔಟ್‌ಪುಟ್ ನೇರ ಇನ್ನೊಂದಕ್ಕೆ ಕೊಡೋದು) ಸಾಕಿತ್ತು. ಇಲ್ಲಿ ಒಂದು ಸ್ಕ್ರಿಪ್ಟ್ ಓಡುವಾಗ ಇನ್ನೊಂದು ನಿಂತಿರಬಹುದು, ಹಾಗಾಗಿ ನಡುವೆ ಕ್ಯೂ, ಅಂದರೆ ಮೆಸೇಜ್‌ಗಳನ್ನು ತೆಗೆದುಕೊಳ್ಳುವವರೆಗೆ ಸಾಲಾಗಿ ಇಟ್ಟುಕೊಳ್ಳುವ ಜಾಗ ಬೇಕು. ಅದು ಎಚ್‌ಟಿಟಿಪಿಯಲ್ಲಿ ಸಿಕ್ಕರೆ ಕರ್ಲ್ (ಕಮಾಂಡ್ ಲೈನ್‌ನಿಂದ ವೆಬ್ ರಿಕ್ವೆಸ್ಟ್ ಕಳಿಸುವ ಟೂಲ್) ಒಂದಿದ್ದರೆ ಆಯ್ತು, ಬೇರೆ ಲೈಬ್ರರಿ ಬೇಡ.

ಕಳಿಸುವ ಸ್ಕ್ರಿಪ್ಟ್, ಉದಾಹರಣೆಗೆ ಒಂದು ಫೈಲಿನ ಹೆಸರನ್ನು, ಕ್ಯೂನ ವಿಳಾಸಕ್ಕೆ ಪೋಸ್ಟ್ ಮಾಡುತ್ತದೆ. ಆ ಕಡೆ ಒಂದು ವೈಲ್ ಲೂಪ್ 'ಏನಾದ್ರೂ ಬಂತಾ?' ಅಂತ ಕೇಳುತ್ತಾ ಕೂತಿರುತ್ತದೆ. ಸೆಕೆಂಡಿಗೊಮ್ಮೆ ಕೇಳಿ ಸರ್ವರ್‌ಗೆ ಸುಮ್ನೆ ಕಾಟ ಕೊಡಬೇಡಿ. ಲಾಂಗ್ ಪೋಲಿಂಗ್ ಬಳಸಿ, ಅಂದರೆ ಒಮ್ಮೆ ಕೇಳಿದರೆ ಮೆಸೇಜ್ ಬರುವವರೆಗೆ ಅಥವಾ ಸಮಯ ಮುಗಿಯುವವರೆಗೆ ಸರ್ವರ್ ಉತ್ತರ ಕೊಡದೆ ಕಾಯುತ್ತದೆ. ಅಮೆಜಾನ್‌ನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಿ ಹೀಗೆ 20 ಸೆಕೆಂಡ್‌ವರೆಗೆ ಕಾಯಬಹುದು.

ಜಾಸ್ತಿ ಜನ ಎಡವೋದು ಇಲ್ಲಿ: ಸರ್ವರ್ 500 ಎರರ್ ಕೊಟ್ಟರೂ ಕರ್ಲ್‌ನ ಎಕ್ಸಿಟ್ ಕೋಡ್ (ಮುಗಿದಾಗ ಕೊಡುವ ಸಂಖ್ಯೆ) 0, ಅಂದರೆ 'ಎಲ್ಲಾ ಸರಿ' ಅಂತಲೇ ಆಗಿರುತ್ತದೆ. ಎರರ್ ಪುಟವನ್ನೇ ಮೆಸೇಜ್ ಅಂದುಕೊಂಡು ನನ್ನ ಸ್ಕ್ರಿಪ್ಟ್ ಒಮ್ಮೆ ಎಚ್‌ಟಿಎಂಎಲ್ ಟ್ಯಾಗ್ ಹೆಸರಿನ ಫೈಲ್ ಹುಡುಕಿತ್ತು! ಕರ್ಲ್‌ಗೆ 'ಫೇಲ್' ಆಪ್ಷನ್ (--fail) ಹಾಕಿ, ಆಗ 0 ಬದಲು 22 ಬರುತ್ತದೆ.

ಕೆಲಸ ಮುಗಿದ ಮೇಲೆ ಮೆಸೇಜ್ ಅಳಿಸಿ, ಮೊದಲೇ ಅಲ್ಲ. ನಡುವೆ ಸ್ಕ್ರಿಪ್ಟ್ ಸತ್ತರೆ ಅದೇ ಮೆಸೇಜ್ ಮತ್ತೆ ಬರುತ್ತದೆ. ಎರಡು ಸಲ ಓಡಿದರೂ ಎಡವಟ್ಟಾಗದ ಹಾಗೆ ಬರೆದಿರಬೇಕು, ಅಲ್ವಾ?

ಹಾಂ, ಬಂದ ಮೆಸೇಜನ್ನು ನೇರ ಶೆಲ್‌ಗೆ ಕೊಟ್ಟು ಓಡಿಸಲೇಬೇಡಿ. ಕ್ಯೂಗೆ ಬರೆಯಬಲ್ಲ ಯಾರು ಬೇಕಾದರೂ ನಿಮ್ಮ ಮೆಷಿನ್‌ನಲ್ಲಿ ಕಮಾಂಡ್ ಓಡಿಸಿಬಿಡುತ್ತಾರೆ.