ಹಳದಿಯಾದ ಕೇಸಿಗೆ ತಿನ್ನರ್ ಬೇಡ

1980ರ ದಶಕದ ಹಳೇ ಕಂಪ್ಯೂಟರ್ ಬಿಬಿಸಿ ಮೈಕ್ರೊದ ಕೇಸು (ಹೊರಕವಚ) ಹಳದಿಯಾಗಿದೆ, ತಿನ್ನರ್‌ನಲ್ಲಿ ಒರೆಸಿ ಪೇಂಟ್ ಹೊಡೆಯಬಹುದಾ ಅಂತ ಕೇಳಿದ್ದೀರಿ. ತಿನ್ನರ್ ಮಾತ್ರ ಬೇಡ ಸಾರ್! ಅದು ಎಬಿಎಸ್ ಪ್ಲಾಸ್ಟಿಕ್, ಕರಗಿ ಅಂಟಂಟಾಗುತ್ತದೆ. ನಾನೇ ಒಂದು ಕೀಬೋರ್ಡನ್ನು ಹಾಗೆ ಹಾಳು ಮಾಡಿಕೊಂಡಿದ್ದೇನೆ. ಸೋಪು ನೀರು ಸಾಕು.

ಹಳದಿ ಅಂದರೆ ಕೊಳೆಯಲ್ಲ, ಬೆಳಕಿಗೂ ಬಿಸಿಗೂ ಪ್ಲಾಸ್ಟಿಕ್ಕೇ ಬಣ್ಣ ತಿರುಗಿರುವುದು. ಪೇಂಟಿಗೆ ಮೊದಲು ಕೂದಲಿನ ಬಣ್ಣ ತೆಗೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ನೋಡಿ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಅದರ 12% ಕ್ರೀಮ್ ಕೇಳಿ. ಗ್ಲೌಸ್ ಹಾಕಿಕೊಂಡು ಸಮನಾಗಿ ಬಳಿದು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡಿ. ನಮ್ಮ ಮೈಸೂರಿನ ಮಾರ್ಚ್ ಬಿಸಿಲು ಜೋರು ಅಲ್ವಾ, ಗಂಟೆಗೊಮ್ಮೆ ನೋಡುತ್ತಿರಿ. ಕ್ರೀಮ್ ಒಣಗಿದರೆ ಪಟ್ಟೆ ಪಟ್ಟೆ ಬೀಳುತ್ತದೆ.

ಆಮೇಲೂ ಪೇಂಟ್ ಬೇಕೆನಿಸಿದರೆ 400, 800 ನಂಬರ್ ಎಮರಿ ಪೇಪರ್, ಪ್ಲಾಸ್ಟಿಕ್ ಪ್ರೈಮರ್, ನಂತರ ತೆಳ್ಳಗೆ ಮೂರು ಕೋಟ್ ಸ್ಪ್ರೇ. ಮುಂದಿನ ಲೋಗೊ ಮೇಲೆ ಟೇಪ್ ಅಂಟಿಸುವುದನ್ನು ಮರೆಯಬೇಡಿ.