ಐದು ಸಲ ಹಲ್ಲುಜ್ಜುವ ಹುಡುಗಿ

ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಪಾವಗಡ ಸೀಮೆಯ ಒಂದು ಹಳ್ಳಿ ಅಂದುಕೊಳ್ಳಿ, ಸಾಕು.

ಹುಡುಗಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ತಾಯಿ ನನ್ನ ಹತ್ತಿರ ಸಲಹೆಗೆ ಅಂತ ಕರೆದುಕೊಂಡು ಬಂದಿದ್ದರು. "ನಗೋದೇ ಬಿಟ್ಟವ್ಳೆ ಮೇಡಂ. ಕ್ಲಾಸಲ್ಲಿ ಎದ್ದು ಓದು ಅಂದ್ರೆ ಗಂಟಲು ನೋವು ಅಂತಾಳಂತೆ." ಕೊರೋನಾ ಮುಗಿದು ವರ್ಷಗಳಾದರೂ ಇವಳ ಮುಖದ ಮಾಸ್ಕ್ ಇಳಿದಿರಲಿಲ್ಲ. ತಾಯಿ ಹೊರಗೆ ಹೋದ ಮೇಲೆ ಒಂದು ಗಳಿಗೆ ಇಳಿಸಿ ಮತ್ತೆ ಏರಿಸಿಕೊಂಡಳು. ಅಷ್ಟರಲ್ಲೇ ಕಂಡಿತು. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ನಡುವೆ ಅಡ್ಡಡ್ಡ ಕಂದು ಗೆರೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ದಿನಕ್ಕೆ ಎಷ್ಟು ಸಲ ಹಲ್ಲುಜ್ತೀಯಮ್ಮಾ?" ಅಂತ ಕೇಳಿಬಿಟ್ಟೆ. ಊರಲ್ಲಿ ಎಲ್ಲರೂ ಅವಳನ್ನು ಕೇಳುತ್ತಿದ್ದುದೂ ಅದನ್ನೇ. ತಲೆ ಎತ್ತದೆ "ಐದು ಸಲ" ಅಂದಳು.

ಪೇಸ್ಟು, ಆಮೇಲೆ ಇದ್ದಿಲ ಪುಡಿ, ರಾತ್ರಿ ಉಪ್ಪು. ಮಧ್ಯೆ ಮಧ್ಯೆ ಯೂಟ್ಯೂಬಲ್ಲಿ ನೋಡಿದ ನಿಂಬೆರಸ, ಅಡುಗೆ ಸೋಡಾ. ಸ್ಕೂಲ್ ಬ್ಯಾಗಿನಲ್ಲೇ ಒಂದು ಬ್ರಷ್ಷಿತ್ತು, ತೆಗೆದು ತೋರಿಸಿದಳು. ಕೊಂಡು ಮೂರು ವಾರ ಆಗಿಲ್ಲವಂತೆ, ಎಳೆಗಳೆಲ್ಲ ತುಳಿದ ಹುಲ್ಲಿನ ಹಾಗೆ ಎರಡೂ ಕಡೆ ಮಲಗಿದ್ದವು. ಒಸಡಲ್ಲಿ ರಕ್ತ ಬರುತ್ತೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತೆ. ಕಲೆ ಮಾತ್ರ ಇದ್ದ ಹಾಗೇ ಇದೆ.

"ಅಜ್ಜಿ ಹಲ್ಲು ಬೆಳ್ಳಗಿದೆ ಮೇಡಂ. ಬೇವಿನಕಡ್ಡೀಲಿ ಉಜ್ಜಿದ್ದಕ್ಕೆ ಅಂತಾರೆ. ನಾನು ಸೋಮಾರಿಯಂತೆ."

ಅಜ್ಜಿ ಚಿಕ್ಕವರಿದ್ದಾಗ ಕುಡಿದದ್ದು ತೆರೆದ ಬಾವಿಯ ನೀರು. ಇವಳು ಹುಟ್ಟುವ ಹೊತ್ತಿಗೆ ಆ ಬಾವಿ ಬತ್ತಿ, ಆಳದ ಬೋರ್‌ವೆಲ್ಲೇ ಗತಿಯಾಗಿತ್ತು. ಆ ಸೀಮೆಯ ಬಂಡೆಯಲ್ಲೇ ಫ್ಲೋರೈಡ್ ಇದೆ, ಆಳದ ನೀರಲ್ಲಿ ಅದು ಕರಗಿ ಬರುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಗು ವರ್ಷಗಟ್ಟಲೆ ಕುಡಿದರೆ, ಒಸಡಿನೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕೆಡುತ್ತದೆ.

"ಈ ಹಲ್ಲು ಹೊರಗೆ ಬರೋ ಮೊದಲೇ ಕಲೆ ಆಗಿಹೋಗಿತ್ತು. ಆಗ ಅದನ್ನ ಉಜ್ಜೋಕಾದ್ರೂ ಹೇಗಾಗ್ತಿತ್ತು ಹೇಳು?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರೆ ಹೋಗಲ್ವಾ?"

ಉಜ್ಜಿದರೆ ಹೋಗಲ್ಲ ಅಂತ ನೇರವಾಗೇ ಹೇಳಿದೆ. ದಂತವೈದ್ಯರು ಮೇಲ್ಪದರವನ್ನು ನಯವಾಗಿ ತಿಕ್ಕಿ, ಇಲ್ಲವೇ ಕಾಂಪೋಸಿಟ್ ಅನ್ನುವ ಹಲ್ಲಿನ ಬಣ್ಣದ ಲೇಪ ಹಚ್ಚಿ ಕಲೆ ಮರೆಮಾಡಬಹುದು. ಯಾವುದು ಸೂಕ್ತ ಅಂತ ಅವರೇ ನೋಡಿ ಹೇಳಬೇಕು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಇದ್ದಿಲು, ನಿಂಬೆ, ಸೋಡಾ ಅವತ್ತಿನಿಂದಲೇ ಬಂದ್. ಎಳೆ ಮೆತ್ತಗಿರುವ ಬ್ರಷ್ಷು, ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಎರಡೆರಡು ನಿಮಿಷ. ಮೂರನೇ ಸಲ ಉಜ್ಜಬೇಕು ಅನ್ನಿಸಿದಾಗ ಬ್ರಷ್ ಹಿಡಿಯುವ ಬದಲು, ಅವತ್ತು ಯಾರು ಏನಂದರು ಅಂತ ನೋಟ್‌ಬುಕ್ಕಲ್ಲಿ ಬರೆದುಕೋ ಅಂದೆ. ಈ ಕೊನೆಯದನ್ನೇ ಅವಳು ತಪ್ಪದೆ ಮಾಡಿದಳು. ಎರಡನೇ ಸಲ ಬಂದಾಗ ನಾಲ್ಕು ಪುಟ ತುಂಬಿತ್ತು. ಅರ್ಧಕ್ಕರ್ಧ ಒಬ್ಬನೇ ಹುಡುಗ, ಒಂದೇ ಮಾತು: "ತುಕ್ಕು."

ಅದಕ್ಕೊಂದು ಉತ್ತರ ಇಬ್ಬರೂ ಸೇರಿ ಕಟ್ಟಿದೆವು. "ಇದು ಬೋರ್ ನೀರಿನ ಕಲೆ ಕಣೋ, ಕೊಳೆ ಅಲ್ಲ." ಮೊದಲು ನನ್ನ ಮುಂದೆ ಮಾಸ್ಕ್ ಹಾಕಿಕೊಂಡು ಹೇಳಿದಳು, ಆಮೇಲೆ ತೆಗೆದು. ಅವಳು ಒಪ್ಪಿದ ಮೇಲೆ ಕ್ಲಾಸ್ ಟೀಚರ್ ಜೊತೆ ಮಾತಾಡಿದೆ. ಸ್ವಲ್ಪ ದಿನ ಎಲ್ಲರೆದುರು ನಿಲ್ಲಿಸಬೇಡಿ, ಗೆಳತಿಯರ ಜೊತೆ ಬೆಂಚಲ್ಲೇ ಕೂತು ಓದಲಿ ಅಂದೆ. ಆ ಹುಡುಗನಿಗೆ ಉತ್ತರ ಕೊಟ್ಟಳೋ ಇಲ್ಲವೋ ನಾನು ಕೇಳಲಿಲ್ಲ.

ತಾಯಿಯ ಚಿಂತೆ ಬೇರೆಯಿತ್ತು, ಮದುವೆಯದು. ನನಗೆ ಚಿಂತೆಯಾದದ್ದು ಅವರ ಸೆರಗು ಹಿಡಿದು ನಿಂತಿದ್ದ ಚಿಕ್ಕ ಮಗಳದ್ದು. ನಾಲ್ಕು ವರ್ಷ. ಹಾಲುಹಲ್ಲು ಬಿದ್ದ ಮೇಲೆ ಬರಬೇಕಾದ ಅವಳ ಮುಂದಿನ ಹಲ್ಲುಗಳು ಇನ್ನೂ ಒಳಗೇ ತಯಾರಾಗುತ್ತಿವೆ.

"ಫಿಲ್ಟರ್ ನೀರೇ ಕುಡಿಸೋದು ಮೇಡಂ."

"ಅಡುಗೆಗೆ?"

"ಅದಕ್ಕೆ ನಲ್ಲಿ ನೀರೇ. ಚೆನ್ನಾಗಿ ಕುದಿಸ್ತೀವಲ್ಲ."

ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತೆ ಅಂತ ಹೇಳಿದೆ. ಅವರೂರ ಫಿಲ್ಟರ್ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಒಂದು ಕ್ಯಾನ್ ನೀರು. ಸಾರಿಗೆ, ಅನ್ನಕ್ಕೆ, ಮುದ್ದೆಗೆ ದಿನಕ್ಕೆ ಇನ್ನೊಂದು ಕ್ಯಾನ್ ಬೇಕಾಗಬಹುದು ಅಂತ ಬೆರಳಲ್ಲೇ ಲೆಕ್ಕ ಹಾಕಿದರು. "ಗಾಡೀಲಿ ಎರಡು ಕ್ಯಾನ್ ಕೂರುತ್ತೆ, ಇವರಪ್ಪಂಗೆ ಹೇಳ್ತೀನಿ" ಅಂತ ಎದ್ದರು.